ನೀರು ಹೋಗುವ ಕಡೆಗೆ ನಾಳೆ

ನಾನು ಕಳಿಸಿದ ಆ ವರದಿಯಲ್ಲಿ ತಪ್ಪಿದ್ದದ್ದು ಒಂದೇ ಕ್ರಿಯಾಪದ. ‘ಕೊಡುತ್ತೇನೆ’ ಎಂದು ಇರಬೇಕಾದಲ್ಲಿ ‘ಕೊಟ್ಟಿದ್ದೇನೆ’ ಎಂದು ಬರೆದಿದ್ದೆ. ಊರಿನ ಹೆಸರು, ಸರ್ವೆ ನಂಬರು, ಎಕರೆ, ಗುಂಟೆ ಎಲ್ಲ ಸರಿಯಾಗಿದ್ದವು. ಆ ಒಂದು ಕ್ರಿಯಾಪದದಿಂದ ಒಬ್ಬ ಹೆಂಗಸಿನ ಗದ್ದೆ ಕೈಬಿಟ್ಟು ಹೋಗುವುದರಲ್ಲಿತ್ತು.

ತೊಂಬತ್ತರ ದಶಕದ ಮೊದಲ ವರ್ಷಗಳು. ಸಿಂಧನೂರಿನಲ್ಲಿ ಕೂತು ಒಂದು ದಿನಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೆ. ಬರೆದದ್ದನ್ನು ಕವರಿಗೆ ಹಾಕಿ ಮಧ್ಯಾಹ್ನದ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೆ ಮರುದಿನವೋ ಅದರ ಮರುದಿನವೋ ಅಚ್ಚಾಗುತ್ತಿತ್ತು. ಬಳಗಾನೂರಿನ ಆಚೆ, ಕಾಲುವೆಯ ದಂಡೆಗೇ ಇರುವ ಒಂದು ಹಳ್ಳಿಯಿಂದ ಜಮೀನಿನ ತಕರಾರೊಂದು ಬಂದಿತ್ತು. ಹುಟ್ಟಿನಿಂದಲೇ ಕಿವಿ ಕೇಳದ ಅಕ್ಕ-ತಂಗಿ. ಅಕ್ಕ ವಿಧವೆ. ಮದುವೆಯಾಗದ ತಂಗಿ ಅಕ್ಕನ ಜೊತೆಗೇ ಇದ್ದಳು. ಗಂಡನ ಪಾಲಿನ ಎರಡೂವರೆ ಎಕರೆ ಗದ್ದೆಯನ್ನು ಇಬ್ಬರೂ ಸೇರಿ ನಾಟಿ ಮಾಡಿ, ಕಳೆ ಕಿತ್ತು, ಕೊಯ್ದು ನಡೆಸಿಕೊಂಡು ಬಂದಿದ್ದರು. ಗಂಡ ತೀರಿದ ಮೇಲೆ ಮೈದುನ ಒಂದು ಕಾಗದ ಹಾಜರು ಮಾಡಿದ. ಅದರ ಪ್ರಕಾರ ಅಕ್ಕ ತನ್ನ ಹಕ್ಕನ್ನೆಲ್ಲ ಅವನಿಗೆ ಬಿಟ್ಟುಕೊಟ್ಟಿದ್ದಳು. ಕಾಗದದ ಕೊನೆಗೆ ಅವಳ ಹೆಬ್ಬೆಟ್ಟಿತ್ತು. ಖಾತೆ ಅವನ ಹೆಸರಿಗೆ ಬದಲಾಯಿತು. ಅದರ ಮೇಲೆ ಅವಳು ಲಿಂಗಸುಗೂರಿನ ಉಪವಿಭಾಗಾಧಿಕಾರಿಯ ಮುಂದೆ ಮೇಲ್ಮನವಿ ಹಾಕಿದ್ದಳು. ಮೂಗಿಯೊಬ್ಬಳು ಮೇಲ್ಮನವಿ ಹಾಕಿದ್ದಾಳೆ ಎಂಬುದೇ ಆಗ ಸುದ್ದಿ.

ನಾನು ಅವಳನ್ನು ಮೊದಲು ಕಂಡದ್ದು ಗದ್ದೆಯಲ್ಲಿ. ಪಕ್ಕದ ಮನೆಯ ಹೆಂಗಸು ಜೊತೆಗಿದ್ದು ತನಗೆ ತಿಳಿದಷ್ಟು ಹೇಳುತ್ತಿದ್ದಳು. ಗಂಡ ಸತ್ತದ್ದನ್ನು ಹೇಳುವಾಗ ಅಕ್ಕ ಕೈಯನ್ನು ಹೆಗಲ ಮೇಲಿಂದ ಹಿಂದಕ್ಕೆ ಎಸೆದಳು. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: ‘ಕೈ ಹಿಂದಕ್ಕೆ – ಹಿಂದೆ ಆದದ್ದು.’ ಅದರಲ್ಲಿ ನನಗೆ ಯಾವ ಅನುಮಾನವೂ ಬರಲಿಲ್ಲ. ಬೆನ್ನ ಹಿಂದೆ ಇರುವುದಕ್ಕೂ ಕಳೆದುಹೋದದ್ದಕ್ಕೂ ನಮ್ಮ ಕನ್ನಡದಲ್ಲಿ ‘ಹಿಂದೆ’ ಎಂಬ ಒಂದೇ ಮಾತಿದೆಯಲ್ಲ!

ಆಮೇಲೆ ಅವಳ ಮನೆಯ ಅಂಗಳದಲ್ಲಿ ಕೂತು, ಗದ್ದೆಯ ವಿಷಯ ಕೇಳಿದೆ. ಪಕ್ಕದ ಮನೆಯವಳು ಅಷ್ಟರಲ್ಲಿ ಎಮ್ಮೆ ಕಟ್ಟಲು ಹೋಗಿದ್ದಳು. ಅಕ್ಕ ಗದ್ದೆ ತೋರಿಸಿದಳು, ಎದೆ ಮುಟ್ಟಿಕೊಂಡಳು, ಎರಡೂ ಕೈಯಿಂದ ಏನನ್ನೋ ಎತ್ತಿ ಕೊಟ್ಟಳು, ಕೈಯನ್ನು ಹೆಗಲ ಮೇಲಿಂದ ಹಿಂದಕ್ಕೆ ಎಸೆದಳು. ನನಗೆ ಅರ್ಥವಾಯಿತು ಅಂದುಕೊಂಡೆ. ‘ಜಮೀನನ್ನು ಈಗಾಗಲೇ ಕೊಟ್ಟಿರುವುದಾಗಿ ಆಕೆ ಸನ್ನೆಯಲ್ಲಿ ಒಪ್ಪಿಕೊಂಡರು, ಆದರೆ ಈಗ ವಾಪಸು ಬೇಕೆನ್ನುತ್ತಿದ್ದಾರೆ’ ಎಂದು ಬರೆದು ಕಳಿಸಿದೆ. ಅಚ್ಚಾಯಿತು.

ನಾಲ್ಕನೆಯ ದಿನ ಬೆಳಿಗ್ಗೆ ನನ್ನ ಬಾಡಿಗೆ ಕೋಣೆಯ ಮುಂದೆ ಬಳೆಯ ಬುಟ್ಟಿ ಹೊತ್ತ ಹೆಂಗಸೊಬ್ಬಳು ಬಂದು ನಿಂತಳು. ಮಸ್ಕಿಯವಳು, ಐವತ್ತು ದಾಟಿದವಳು. ಮನೆಯಲ್ಲಿ ದಖನಿ ಉರ್ದು, ಹೊರಗೆ ಕನ್ನಡ. ಅಕ್ಕ-ತಂಗಿ ಸಣ್ಣವರಿದ್ದಾಗಿನಿಂದ, ಅದೇ ಕಾಲುವೆಯ ದಂಡೆಯ ಅವರ ತವರಿಗೂ ಆಮೇಲೆ ಈ ಮನೆಗೂ ಬಳೆ ತೊಡಿಸಲು ಹೋಗುತ್ತಿದ್ದವಳು. ಮೇಲ್ಮನವಿ ಹಾಕಲು ಅಕ್ಕನನ್ನು ವಕೀಲರ ಹತ್ತಿರ ಕರೆದುಕೊಂಡು ಹೋದವಳೂ ಅವಳೇ. ಬುಟ್ಟಿ ಇಳಿಸುವ ಮೊದಲೇ ಶುರು ಮಾಡಿದಳು.

“ನೀವ ಏನ್ರೀ ಪೇಪರಿನ ಸಾಬ್? ಏನ್ ಬರದೀರಿ ಅದು? ಚಾದ ಅಂಗಡ್ಯಾಗ ಓದಿ ಹೇಳಿದ್ರು. ಆಕಿ ಜಮೀನ್ ಕೊಟ್ಟೀನಿ ಅಂದ್ಲೇನು?”

“ಅಂದಳಮ್ಮ. ನಾನೇ ನೋಡಿದ್ದೀನಿ. ಕೈ ಹಿಂದಕ್ಕೆ ಹಾಕಿದಳು.”

“ಯಾವ ಕಡಿಗೆ ಮಾರಿ ಮಾಡಿ ಕುಂತಿದ್ಲು?”

ಮುಖ ಯಾವ ಕಡೆಗಿತ್ತೆಂದು ಕೇಳುವುದೇಕೆಂದು ನನಗೆ ತಿಳಿಯಲಿಲ್ಲ.

“ಅರೇ, ಮಾರಿ ಯಾವ ಕಡಿಗಿತ್ರೀ ಆಕೀದು? ಡ್ಯಾಮಿನ ಕಡಿಗೋ, ಟೇಲಿನ ಕಡಿಗೋ?”

ಟೇಲ್ ಎಂದರೆ ಕಾಲುವೆಯ ಕೊನೆ, ನೀರು ಹರಿದು ಹೋಗುವ ಕಡೆ. ನಾನು ಅಂಗಳವನ್ನು ನೆನಪಿಗೆ ತಂದುಕೊಂಡೆ. ಬಾಗಿಲು, ಬೇವಿನ ಗಿಡ, ಅದರ ಆಚೆ ಕಾಲುವೆಯ ಏರಿ. “ಡ್ಯಾಮಿನ ಕಡೆಗೆ,” ಎಂದೆ.

“ಹಾಂ! ಹಂಗಾದ್ರ ಬೆನ್ನು ಟೇಲಿಗೆ. ಕೈ ಬೆನ್ನಿನ ಕಡಿಗೆ ಹೋತು ಅಂದ್ರ ಟೇಲಿನ ಕಡಿಗೆ ಹೋತು. ನೀರು ಬಂದ ಕಡಿಗೆ ನಿನ್ನಿ, ನೀರು ಹೋಗೋ ಕಡಿಗೆ ನಾಳಿ. ಆಕಿ ‘ಮುಂದ ಯಾವಾಗರ ತಂಗಿಗೆ ಕೊಡ್ತೀನಿ’ ಅಂದಾಳ, ನನ್ನ ಮುಂದೂ ಮೊದಲಿಂದ ಅದನ್ನ ಅಂತಾಳ. ನೀವು ‘ಮೈದುನಗ ಕೊಟ್ಟೀನಿ’ ಅಂತ ಬರದು ಕುಂತೀರಿ. ಕಾಲುವಿ ನೋಡದ ಅವರ ಮಾತು ಬರೀತಾರೇನ್ರೀ?”

ನಾನು ನೋಟ್‌ಬುಕ್ ತೆಗೆದೆ. ಗದ್ದೆಯಲ್ಲಿ ಅವಳು ಟೇಲಿನ ಕಡೆ ಮುಖ ಮಾಡಿ ನಿಂತಿದ್ದಳು. ಅಲ್ಲಿ ಬೆನ್ನಿನ ಕಡೆಗೆ ಡ್ಯಾಮು. ಅಲ್ಲಿ ಹಿಂದಕ್ಕೆ ಎಸೆದ ಕೈ ‘ಆಗಿಹೋದದ್ದು’. ಅಂಗಳದಲ್ಲಿ ಹಿಂದಕ್ಕೆ ಎಸೆದ ಅದೇ ಕೈ ‘ಆಗಬೇಕಾದದ್ದು’. ಅವಳ ಕೈಗೆ ನಾನು ನನ್ನ ಕನ್ನಡವನ್ನು ತೊಡಿಸಿದ್ದೆ.

ಅಂದೇ ಪತ್ರಿಕೆಯ ಮುಖ್ಯಸ್ಥರಿಗೆ ಟ್ರಂಕ್ ಕಾಲ್ ಮಾಡಿ ತಿದ್ದುಪಡಿ ಹಾಕಬೇಕೆಂದೆ. ಅವರು ನಕ್ಕರು.

“ಮೂಗಿ ಏನಂದ್ಲು ಅಂತ ಯಾರಿಗ್ರೀ ಗೊತ್ತು? ಕೈ ಆಡಿಸ್ಯಾಳ, ನೀವು ಬರದೀರಿ. ಮುಗೀತು. ಸನ್ನಿಗೆ ತಿದ್ದುಪಡಿ ಹಾಕಿದ್ರ ಮಂದಿ ನಗ್ತಾರ.”

“ಆಕೆ ಹೇಳಿದ್ದು ಸನ್ನೆಯಲ್ಲ ಸರ್, ವಾಕ್ಯ. ನಾನು ಕಾಲ ತಪ್ಪು ಬರೆದಿದ್ದೀನಿ.”

“ಮೂಗಿಯ ಕೈಗೆ ಭೂತಕಾಲ, ಭವಿಷ್ಯತ್ಕಾಲ ಎಲ್ಲಿಂದ ಬಂತೋ? ಇಡ್ರಿ ಫೋನು.”

ಅದೇ ವಾರ ಮೈದುನನ ವಕೀಲರು ನನ್ನ ವರದಿಯ ಪ್ರತಿಯನ್ನು ಮೇಲ್ಮನವಿಯ ಕಡತಕ್ಕೆ ಸೇರಿಸಿದರು. ಆಕೆಯೇ ಒಪ್ಪಿಕೊಂಡಿದ್ದಾಳೆ, ಪತ್ರಿಕೆಯಲ್ಲಿ ಬಂದಿದೆ ಎಂಬುದು ಅವರ ವಾದ. ಅಕ್ಕನ ವಕೀಲರು ಲಿಂಗಸುಗೂರಿನ ಬಸ್‌ಸ್ಟ್ಯಾಂಡಿನ ಎದುರು ಮಹಡಿಯ ಕೋಣೆಯಲ್ಲಿ ಅಕ್ಕ, ಬಳೆಗಾರ್ತಿ, ನಾನು ಮೂವರನ್ನೂ ಕೂರಿಸಿಕೊಂಡು ಒಂದು ದಾರಿ ಹೇಳಿದರು.

“ನೋಡ್ರಿ, ಈಕಿ ಬುದ್ಧಿ ಬೆಳೀದಾಕಿ, ಹೆಬ್ಬಟ್ಟು ಅಂದ್ರ ಏನಂತನೂ ಗೊತ್ತಿಲ್ಲ ಅಂತ ಬರದು ಕೊಡ್ತೀನಿ. ಡಾಕ್ಟರ್ ಸರ್ಟಿಫಿಕೇಟು ಹಚ್ಚೋಣ. ಕಾಗದ ಬಿದ್ದುಹೋಗ್ತೈತಿ. ಪೇಪರಿನ ವರದಿನೂ ಬಿದ್ದುಹೋಗ್ತೈತಿ. ಒಂದ ದಿನದ ಕೆಲಸ.”

ಅದು ಸುಲಭದ ದಾರಿ. ನನಗೂ ಅದರಿಂದ ಅನುಕೂಲವಿತ್ತು. ಅವಳಿಗೆ ಬುದ್ಧಿಯೇ ಇಲ್ಲವೆಂದಾದರೆ ನನ್ನ ತಪ್ಪೂ ತಪ್ಪಲ್ಲ. ಬಳೆಗಾರ್ತಿ ಇದನ್ನು ಕೈಯಲ್ಲಿ ಹೇಳಿದಳು. ಅಕ್ಕ ಎರಡು ಸಲ ಕೇಳಿ ಖಚಿತ ಮಾಡಿಕೊಂಡಳು. ಆಮೇಲೆ ಅವಳ ಕೈ ಎಷ್ಟು ಜೋರಾಗಿ ಓಡಿತೆಂದರೆ ಬಳೆಗಾರ್ತಿ ಮಧ್ಯೆ ತಡೆದು ತಡೆದು ಹೇಳಬೇಕಾಯಿತು.

“ಬ್ಯಾಡ ಅಂತಾಳ್ರೀ. ನನಗ ಬುದ್ಧಿ ಇಲ್ಲ ಅಂತ ಬರದ್ರ ಗದ್ದಿ ನೋಡಿಕೊಳ್ಳಾಕ ಇನ್ನೊಬ್ಬನ್ನ ಇಡ್ತಾರ. ಅವ ಯಾರು? ಮತ್ತ ಮೈದುನ. ನಾಳಿ ನಾ ತಂಗಿಗೆ ಕೊಡ್ತೀನಿ ಅಂದ್ರ, ಹುಚ್ಚಿ ಕೊಟ್ಟದ್ದು ನಡಿಯಂಗಿಲ್ಲ ಅಂತಾರ. ನನಗ ತಿಳೀಲಿಲ್ಲ ಅನಬ್ಯಾಡ್ರಿ, ಅವ ನನಗ ಹೇಳಲಿಲ್ಲ ಅನ್ರಿ. ಎರಡೂ ಬ್ಯಾರೆ ಬ್ಯಾರೆ ಅಂತಾಳ.”

ವಕೀಲರು ಪೆನ್ನು ಕೆಳಗಿಟ್ಟರು. “ಇಷ್ಟು ಕಾನೂನು ಈಕಿಗೆ ಯಾರು ಕಲಿಸಿದ್ರು?”

“ನಾನಲ್ರೀ,” ಎಂದಳು ಬಳೆಗಾರ್ತಿ. “ನನಗ ಈಗ ತಿಳೀತು.”

ಅಕ್ಕನ ದಾರಿಯಲ್ಲಿ ಹೋಗಬೇಕೆಂದರೆ ಅವಳದು ಪೂರ್ತಿ ಭಾಷೆ ಎಂದು ತೋರಿಸಬೇಕಿತ್ತು. ಮಾತಾಡಲಾಗದವರು ಸನ್ನೆಯಿಂದ ಹೇಳಿದ್ದನ್ನೂ ಬಾಯಿಮಾತಿನ ಸಾಕ್ಷ್ಯವೆಂದೇ ಎಣಿಸಬೇಕೆಂದು ಕಾನೂನಿನಲ್ಲಿದೆ. ಆದರೆ ಎದುರು ವಕೀಲರು ಬಳೆಗಾರ್ತಿ ಬೇಕಾದ ಹಾಗೆ ಹುಟ್ಟಿಸಿಕೊಂಡು ಹೇಳುತ್ತಾಳೆ ಎನ್ನುವುದು ಖಂಡಿತ. ಒಂದೇ ಮೂಲದ ಸುದ್ದಿಯನ್ನು ಇನ್ನೊಂದು ಮೂಲದಿಂದ ತಾಳೆ ನೋಡದೆ ಕಳಿಸಬಾರದೆಂಬುದು ನಮ್ಮ ಕೆಲಸದ ಮೊದಲ ಪಾಠ. ಅಂಗಳದಲ್ಲಿ ಮಾಡದೇ ಬಿಟ್ಟದ್ದನ್ನು ಈಗ ಮಾಡಲು ಹೊರಟೆ.

ಮಸ್ಕಿಯ ಸಂತೆಯ ದಿನ ಅಕ್ಕ-ತಂಗಿ ಬಳೆಗಾರ್ತಿಯ ಮನೆಗೆ ಬಂದರು. ಹನ್ನೆರಡು ವಾಕ್ಯ ಬರೆದುಕೊಂಡು ಹೋಗಿದ್ದೆ. ‘ನಿನ್ನೆ ಎಮ್ಮೆ ತಪ್ಪಿಸಿಕೊಂಡಿತು’, ‘ನಾಳೆ ಮಳೆ ಬಂದರೆ ಗದ್ದೆಗೆ ಹೋಗುವುದಿಲ್ಲ’, ‘ಅವಳು ನನಗೆ ಕೊಟ್ಟಳು, ನಾನು ನಿನಗೆ ಕೊಡುವುದಿಲ್ಲ’ – ಹೀಗೆ. ತಂಗಿಯನ್ನು ಪಕ್ಕದ ಮನೆಗೆ ಕಳಿಸಿ, ಅಕ್ಕನನ್ನು ಕೋಣೆಯಲ್ಲಿ ಕೂರಿಸಿ, ಬಳೆಗಾರ್ತಿಗೆ ಒಂದೊಂದೇ ವಾಕ್ಯ ಹೇಳುವುದು, ಅವಳು ಅದನ್ನು ಅಕ್ಕನಿಗೆ ಕೈಯಲ್ಲಿ ದಾಟಿಸುವುದು. ಅಕ್ಕ ಅದನ್ನು ತನ್ನ ಕೈಯಲ್ಲಿ ಮರಳಿ ಹೇಳುವಾಗ ಕೈ ಯಾವ ಕಡೆ ಹೋಯಿತೆಂದು ನಾನು ಚಿತ್ರ ಬರೆದುಕೊಳ್ಳುವುದು. ಆರನೆಯ ವಾಕ್ಯಕ್ಕೆ ಅವಳನ್ನು ತಿರುಗಿಸಿ ಬೇರೆ ಗೋಡೆಯ ಕಡೆ ಮುಖ ಮಾಡಿಸಿದೆ. ಮುಖ ತಿರುಗಿತು, ‘ನಾಳೆ’ ಮಾತ್ರ ಮೊದಲಿದ್ದ ಕಡೆಗೇ ಇತ್ತು.

ಆದರೆ ಆ ಕೋಣೆಯಲ್ಲಿ ಕಾಲುವೆ ಎಲ್ಲಿತ್ತು? ಮೊದಲ ವಾಕ್ಯಕ್ಕೂ ಮುಂಚೆ ಅಕ್ಕ ಅಂಗೈಯನ್ನು ಗಾಳಿಯಲ್ಲಿ ಗೋಡೆಯಿಂದ ಬಾಗಿಲಿಗೆ ಒಮ್ಮೆ ಎಳೆದದ್ದನ್ನು ನಾನು ಸುಮ್ಮನೆ ಕೈ ಚಾಚಿದ್ದೆಂದು ಬಿಟ್ಟಿದ್ದೆ. ತಂಗಿಯನ್ನು ಕರೆಸಿದಾಗ ಅವಳೂ ಅಂಗೈ ಎಳೆದಳು. ಆದರೆ ಒಲೆಯಿಂದ ಕಿಟಕಿಗೆ. ಅವಳ ಹನ್ನೆರಡು ವಾಕ್ಯವೂ ಆ ಗೆರೆಗೇ ಹೊಂದಿದ್ದವು: ನಿನ್ನೆ ಒಲೆಯ ಕಡೆ, ನಾಳೆ ಕಿಟಕಿಯ ಕಡೆ. ಇಬ್ಬರನ್ನೂ ಎದುರುಬದುರು ಕೂರಿಸಿದಾಗ ಅಕ್ಕ ಮತ್ತೆ ಒಂದು ಗೆರೆ ಎಳೆದಳು, ತಂಗಿ ತನ್ನದನ್ನು ಬಿಟ್ಟು ಅಕ್ಕನದಕ್ಕೆ ಹೊಂದಿಕೊಂಡಳು.

“ಏನದು, ಆ ಮೊದಲ ಗೆರೆ?” ಎಂದು ಕೇಳಿದೆ.

“ಕಾಲುವಿ ಹಾಕೋದು,” ಎಂದಳು ಬಳೆಗಾರ್ತಿ. “ಊರು ಬಿಟ್ಟು ಬಂದಾಗ ಹಾಕ್ಕೊಂಡ ಮಾತಾಡಬೇಕಲ್ರೀ.”

ಅಂದರೆ ಇದು ಎದುರಿಗಿರುವ ವಸ್ತುವಿಗೆ ಬೆರಳು ತೋರಿಸುವುದಲ್ಲ. ವಸ್ತು ಇಲ್ಲದಿದ್ದರೂ ನಿಯಮ ನಡೆಯುತ್ತದೆ. ಇದನ್ನು ಯಾರು ಕಲಿಸಿದರು ಎಂದು ಕೇಳಿದೆ. ಬಳೆಗಾರ್ತಿ ಬುಟ್ಟಿಯಿಂದ ಬಳೆ ಎತ್ತಿ ತಂಗಿಯ ಕೈಗೆ ಅಳತೆ ನೋಡುತ್ತ ಹೇಳಿದಳು: “ಅವರವ್ವಗ ಉಣ್ಣು, ಮಕ್ಕೋ, ಬಾ, ಇಷ್ಟ ಬರ್ತಿತ್ತು. ದೊಡ್ಡಾಕಿ ಒಬ್ಬಾಕಿನ ಇದ್ದಾಗ ಬೆರಳು ಮಾಡಿ ತೋರಸ್ತಿದ್ಲು ಅಷ್ಟ. ಸಣ್ಣಾಕಿ ಹುಟ್ಟಿ ಕೈ ಎತ್ತಿದಳು ನೋಡ್ರಿ, ಮಾತು ಬೆಳೀತು. ಒಬ್ಬರಿಗೊಬ್ಬರು ಸುರುವಾದ್ರ ಮುಗೀತಿರಲಿಲ್ಲ. ಬಳಿ ತೊಡಸಾಕ ಕೈ ಹಿಡದ್ರ ಬಾಯಿ ಮುಚ್ಚಿದಂಗ ಆಗ್ತಿತ್ತು. ಬಿಟ್ಟ ಕೂಡ್ಲೇ ನನ್ನ ಬೈತಿದ್ರು.”

ತಂಗಿ ಅದನ್ನು ಹೇಗೋ ಊಹಿಸಿ, ಹಿಡಿಸಿಕೊಂಡ ಕೈ ಕಿತ್ತುಕೊಂಡು ಏನೋ ಹೇಳಿದಳು.

“ಈಗೂ ಬೈದ್ಲು,” ಎಂದಳು ಬಳೆಗಾರ್ತಿ.

ಹೇಳಿಕೊಡುವವರಿಲ್ಲದ, ಅಕ್ಷರವಿಲ್ಲದ, ಕೇಳುವ ಕಿವಿಯಿಲ್ಲದ ಎರಡು ಮಕ್ಕಳು ತಮ್ಮ ತಮ್ಮಲ್ಲೇ ಕಾಲ, ನಿಷೇಧ, ಷರತ್ತು ಎಲ್ಲವನ್ನೂ ಕಟ್ಟಿಕೊಂಡಿದ್ದರು. ಶಾಲೆಯಲ್ಲಿ ವ್ಯಾಕರಣವನ್ನು ಪುಸ್ತಕದಿಂದ ಬರುವ ವಸ್ತುವೆಂದು ಕಲಿತಿದ್ದ ನಾನು ಆ ದಿನದ ಟಿಪ್ಪಣಿಯ ಕೆಳಗೆ ಒಂದು ಸಾಲು ಸೇರಿಸಿದೆ: ‘ಭಾಷೆ ಕಿವಿಯಲ್ಲಿ ಇಲ್ಲ, ನಾಲಿಗೆಯಲ್ಲೂ ಇಲ್ಲ. ಇಬ್ಬರು ಮನುಷ್ಯರು ಸಾಕು.’

ಇನ್ನು ನನ್ನ ಪಾಲಿನ ಕೆಲಸ ಉಳಿದಿತ್ತು. ವರದಿಗಾರ ಸುದ್ದಿಯೊಳಗೆ ಕಾಲಿಡಬಾರದೆಂಬುದನ್ನು ನಾನು ವರ್ಷಗಟ್ಟಲೆ ಪಾಲಿಸಿದ್ದೆ. ಆದರೆ ನನ್ನ ವರದಿ ಆಗಲೇ ಕಡತದೊಳಗೆ ಹೋಗಿ ಅವಳ ವಿರುದ್ಧ ಸಾಕ್ಷಿ ಹೇಳುತ್ತಿತ್ತು. ನಾನು ಹೊರಗೆ ನಿಂತಿದ್ದೇನೆ ಎನ್ನುವುದು ಸುಳ್ಳಾಗಿತ್ತು. ಪ್ರಮಾಣಪತ್ರ ಬರೆಸಿದೆ. ಯಾವ ವಾಕ್ಯ ತಪ್ಪು, ಏಕೆ ತಪ್ಪು, ಅವಳು ಯಾವ ಕಡೆ ಮುಖ ಮಾಡಿದ್ದಳು ಎಲ್ಲ ಅದರಲ್ಲಿತ್ತು. ನೋಟ್‌ಬುಕ್ಕನ್ನೂ ಜೊತೆಗಿಟ್ಟೆ. ಮುಖ್ಯಸ್ಥರಿಗೆ ತಿಳಿಸಿದಾಗ, “ಪತ್ರಿಕೆಯ ಮರ್ಯಾದೆ ಕಳೀತೀರಿ. ಇನ್ನ ಮ್ಯಾಲ ನಿಮ್ಮ ಕವರು ಬಂದ್ರ ತೆರೆಯಂಗಿಲ್ಲ,” ಎಂದರು. ನಾನು ಪ್ರತಿದಿನ ಸುದ್ದಿಯ ಕವರಿನ ಮೇಲ್ಗಡೆಯೇ ತಿದ್ದುಪಡಿಯ ಚೀಟಿ ಹಚ್ಚಿ ಕಳಿಸಿದೆ. ಒಂಬತ್ತನೆಯ ದಿನ ಒಳಪುಟದ ತಳದಲ್ಲಿ, ಹವಾಮಾನದ ಕೆಳಗೆ ಮೂರು ಸಾಲು ಬಂತು. ಆಮೇಲೆ ಎರಡು ತಿಂಗಳು ನನ್ನ ಒಂದು ಸುದ್ದಿಯೂ ಬರಲಿಲ್ಲ.

ವಿಚಾರಣೆ ಲಿಂಗಸುಗೂರಿನಲ್ಲಿ. ಅಧಿಕಾರಿ ಮೈಸೂರು ಕಡೆಯವರು, ಮಾತು ಕಡಿಮೆ. ಬಳೆಗಾರ್ತಿಗೆ ಪ್ರಮಾಣ ಬೋಧಿಸಿದರು. ಅಕ್ಕ ಮುಂದೆ ಬಂದು ಅಧಿಕಾರಿಯ ಮೇಜಿನ ಅಂಚಿಗೆ ಅಂಗೈ ಇಟ್ಟು ಎಡದಿಂದ ಬಲಕ್ಕೆ ಎಳೆದಳು.

“ಏನ್ ಮಾಡ್ತಿದ್ದಾರೆ ಇವರು?”

“ಕಾಲುವಿ ಹಾಕ್ಯಾಳ್ರೀ ಸಾಹೇಬ್ರ,” ಎಂದಳು ಬಳೆಗಾರ್ತಿ.

ಕೋಣೆಯಲ್ಲಿ ನಗೆಯೆದ್ದಿತು. ಮೈದುನನ ವಕೀಲರು ಎದ್ದರು. “ನೋಡ್ರಿ ಸಾಹೇಬ್ರ, ಮೇಜಿನ ಮ್ಯಾಲ ಕಾಲುವಿ ಅಂತ! ಈ ಬಳೆಗಾರ್ತಿ ಹೇಳಿದ್ದ ಭಾಷಾ, ಮಾಡಿದ್ದ ವ್ಯಾಕರಣ. ಈಕಿನ್ನ ಹೊರಗ ಕಳಸ್ರಿ, ಆ ಮೂಗಿ ಏನ್ ಹೇಳ್ತಾಳ ನೋಡೋಣ.”

ಅಕ್ಕನ ವಕೀಲರು, “ಕಳಸ್ರಿ,” ಎಂದರು. ಮಸ್ಕಿಯಲ್ಲಿ ಮಾಡಿದ್ದನ್ನು ಅಲ್ಲಿಯೇ ಮಾಡಿ ನೋಡಬಹುದೆಂದು ಅಧಿಕಾರಿಗೆ ಒಂದು ಕಾಗದ ಕೊಟ್ಟರು. ಅಧಿಕಾರಿ ಅದನ್ನು ಓದಿ, ತಂಗಿಯನ್ನು ಜವಾನನ ಜೊತೆ ಹೊರಗೆ ಕೂರಿಸಿ, ಒಂದು ಚೀಟಿಯಲ್ಲಿ ತಾವೇ ಏನೋ ಬರೆದು ಎರಡೂ ಕಡೆಯ ವಕೀಲರಿಗೆ ತೋರಿಸಿದರು. ಆಮೇಲೆ ಬಳೆಗಾರ್ತಿಗೆ ಮೆಲ್ಲಗೆ ಓದಿ ಹೇಳಿದರು. ಅವಳು ಅಕ್ಕನಿಗೆ ಕೈಯಲ್ಲಿ ಹೇಳಿದಳು. ಬಳೆಗಾರ್ತಿಯನ್ನು ಹೊರಗೆ ಕಳಿಸಿ, ತಂಗಿಯನ್ನು ಒಳಗೆ ಕರೆದರು. ಅಕ್ಕ ತಂಗಿಗೆ ಹೇಳಿದಳು, ಅರ್ಧ ನಿಮಿಷವೂ ಹಿಡಿಯಲಿಲ್ಲ. ತಂಗಿ ತಲೆಯಾಡಿಸಿ ಗೋಡೆಗೆ ಆನಿಕೊಂಡು ನಿಂತಳು.

ಏನೂ ಆಗಲಿಲ್ಲ. ಫ್ಯಾನು ತಿರುಗುತ್ತಿತ್ತು. ಮೈದುನ ಕೆಮ್ಮಿದ. ಅವನ ವಕೀಲರಿಗೆ ಸುಮ್ಮನಿರಲಾಗಲಿಲ್ಲ. “ಏನೂ ತಿಳೀಲಿಲ್ಲ ಸಾಹೇಬ್ರ. ಗೊಂಬಿ ನಿಂತಂಗ ನಿಂತಾಳ. ಇನ್ನೇನ್ ಬೇಕು?”

ಅಧಿಕಾರಿ ಚೀಟಿಯನ್ನು ಮಡಿಸಿ ಇಟ್ಟರು. ಸ್ವಲ್ಪ ಹೊತ್ತು ಕೂತಿದ್ದು, ಕುರ್ಚಿ ಹಿಂದೆ ಸರಿಸಿ ಎದ್ದು ನಿಂತರು. ತಂಗಿ ತಕ್ಷಣ ಗೋಡೆ ಬಿಟ್ಟು ಬಂದಳು. ಮೇಜಿನ ಮೇಲೆ ಎರಡು ಕಡತಗಳಿದ್ದವು. ಬಿಳಿ ದಾರದ್ದನ್ನು ಮುಟ್ಟದೆ ಕೆಂಪು ದಾರದ್ದನ್ನು ಎತ್ತಿ ಗುಮಾಸ್ತರ ಕೈಗೆ ಕೊಟ್ಟು ಹಿಂದಕ್ಕೆ ಹೋದಳು.

ಅಧಿಕಾರಿ ಚೀಟಿಯನ್ನು ಗಟ್ಟಿಯಾಗಿ ಓದಿದರು: “ಈಗಲೇ ಬೇಡ. ನಾನು ಎದ್ದು ನಿಂತ ಮೇಲೆ ಕೆಂಪು ದಾರದ ಕಡತವನ್ನು ಗುಮಾಸ್ತರಿಗೆ ಕೊಡು. ಬಿಳಿ ದಾರದ್ದನ್ನು ಕೊಡಬೇಡ.” ಕೂತರು. “ವಕೀಲರೇ, ನೀವು ಕಾಯಲಿಲ್ಲ. ಆಕೆ ಕಾದಳು.”

ಆಮೇಲೆ ಮೈದುನನನ್ನು ಕರೆದರು. “ಕಾಗದದಲ್ಲಿರೋದನ್ನೆಲ್ಲ ಸನ್ನೆ ಮಾಡಿ ಹೇಳಿದ ಮೇಲೇ ಹೆಬ್ಬೆಟ್ಟು ಒತ್ತಿಸಿಕೊಂಡೆ ಅಂತ ಹೇಳಿಕೆ ಕೊಟ್ಟಿದ್ದೀರಿ. ಆವತ್ತು ಹೇಳಿದ್ದನ್ನ ಈಗ ಹೇಳಿ.”

ಅವನು ವಕೀಲರ ಮುಖ ನೋಡಿದ. ಅಂಗೈ ಬಿಡಿಸಿ ಕಾಗದ ತೋರಿಸಿದ, ಹೆಬ್ಬೆರಳು ಒತ್ತಿದ, ದೂರಕ್ಕೆ ಬೆರಳು ಮಾಡಿದ, ತುತ್ತು ಬಾಯಿಗಿಟ್ಟುಕೊಂಡ ಹಾಗೆ ಮಾಡಿ ತಲೆಯಾಡಿಸಿದ. ಅಷ್ಟೇ.

ಬಳೆಗಾರ್ತಿಯನ್ನು ಮತ್ತೆ ಒಳಗೆ ಕರೆಸಿದರು. ಈತ ಏನು ಹೇಳಿದ ಎಂದು ಅಧಿಕಾರಿ ಅಕ್ಕನನ್ನು ಕೇಳಿದರು.

“‘ರೇಷನ್ ಕಾರ್ಡಿಗೆ ಹೆಬ್ಬಟ್ಟು ಒತ್ತು, ಅಕ್ಕಿ ಸಿಗ್ತಾವ’ ಅಂದ ಅಂತಾಳ್ರೀ. ಅವತ್ತೂ ಇದ ಅಂದಿದ್ದ. ನಾ ಒತ್ತಿದೆ. ಗದ್ದಿ ಅನ್ನಲಿಲ್ಲ, ಕೊಡು ಅನ್ನಲಿಲ್ಲ. ಕೇಳಿದ್ರ ತಾನ ಕೊಡೋದೋ ಬಿಡೋದೋ. ಇಷ್ಟು ವರ್ಷ ಒಂದ ಮನ್ಯಾಗ ಉಂಡಾನ, ಅವಂಗ ಇನ್ನೂ ಕಾಲುವಿ ಹಾಕಾಕ ಬರಂಗಿಲ್ಲ ಅಂತಾಳ.”

ಈ ಸಲ ಯಾರೂ ನಗಲಿಲ್ಲ. ನನ್ನ ಪ್ರಮಾಣಪತ್ರದ ಮೇಲೆ ಎದುರು ವಕೀಲರು ಐದು ಪ್ರಶ್ನೆ ಕೇಳಿದರು. “ಹಂಗಾದ್ರ ನೀವು ಬರದದ್ದು ಸುಳ್ಳು?” ಎಂಬುದು ಕೊನೆಯದು. “ತಪ್ಪು,” ಎಂದೆ. “ತಪ್ಪು ನನ್ನದು. ಆಕೆ ಸರಿಯಾಗಿಯೇ ಹೇಳಿದ್ದರು.”

ಮಧ್ಯಾಹ್ನ ಅಧಿಕಾರಿ ಆದೇಶದ ಸಾರ ಹೇಳಿದರು. ಹೆಬ್ಬೆಟ್ಟಿನ ಕಾಗದವನ್ನು ಒಪ್ಪಲಾಗದು. ಖಾತೆ ಮತ್ತೆ ಆಕೆಯ ಹೆಸರಿಗೆ. ಉಳಿದದ್ದು ಅಕ್ಕನ ಹೇಳಿಕೆಗೆ ಗುರುತು ಹಾಕಿಸುವುದು. ಗುಮಾಸ್ತರು ಬರೆದಿದ್ದ ಹಾಳೆಗಳನ್ನು ಅವಳ ಮುಂದಿಟ್ಟು ಮಸಿಯ ಡಬ್ಬಿ ತೆರೆದರು. ಅವಳು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. ಪೂರ್ತಿ ಓದಿ ಹೇಳದೆ ಒತ್ತುವುದಿಲ್ಲ ಎಂಬುದು ಬಳೆಗಾರ್ತಿ ಹೇಳದೆಯೇ ಎಲ್ಲರಿಗೂ ತಿಳಿಯಿತು.

ಗುಮಾಸ್ತರು ಗಡಿಯಾರ ನೋಡಿಕೊಂಡು ಓದತೊಡಗಿದರು. ಮೊದಲ ಸಾಲು: “ಮಾತು ಬಾರದ ಹೆಣ್ಣುಮಗಳಾದ...” ಬಳೆಗಾರ್ತಿ ಕೈಯಲ್ಲಿ ಹೇಳಿದಳು. ಅಕ್ಕ ಕೈ ಮುಂದೆ ತಂದು ಅಲ್ಲೇ ನಿಲ್ಲಿಸಿದಳು. ಆ ಸಾಲನ್ನು ಮತ್ತೊಮ್ಮೆ ಹೇಳಿಸಿಕೊಂಡಳು. ಆಮೇಲೆ ಗುಮಾಸ್ತರ ಕಡೆ ತಿರುಗಿ ಒಂದೇ ವಾಕ್ಯ ಹೇಳಿದಳು.

“ಹಂಗಾದ್ರ ಮುಂಜಾನಿಂದ ನಾ ಏನ್ ಮಾಡಾಕತ್ತೀನಿ ಅಂತ ಕೇಳಾಕತ್ಯಾಳ್ರೀ,” ಎಂದಳು ಬಳೆಗಾರ್ತಿ.

“ಎಲ್ಲಾ ಅರ್ಜ್ಯಾಗೂ ಹಿಂಗ ಬರಿಯೋದವ್ವ, ಫಾರಂ ಇರೋದ ಹಂಗ,” ಎಂದರು ಗುಮಾಸ್ತರು.

ಅಕ್ಕ ಕೈಗಳನ್ನು ಮತ್ತೆ ಬೆನ್ನ ಹಿಂದೆ ಕಟ್ಟಿಕೊಂಡಳು. ಗುಮಾಸ್ತರು ಅಧಿಕಾರಿಯ ಮುಖ ನೋಡಿದರು.

“ಹೊಡೆದುಹಾಕಿ,” ಎಂದರು ಅಧಿಕಾರಿ. “‘ಕಿವಿ ಕೇಳದ’ ಅಂತ ಬರೀರಿ.”

ಬಳೆಗಾರ್ತಿ ಅದನ್ನೂ ಹೇಳಿದಳು. ಅಕ್ಕ ಒಂದು ಕ್ಷಣ ಯೋಚಿಸಿ ತಲೆಯಾಡಿಸಿ ಒಪ್ಪಿದಳು. ಅದು ನಿಜವಾಗಿತ್ತು. ಗುಮಾಸ್ತರು ಎರಡು ಪದಗಳ ಮೇಲೆ ಗೆರೆ ಎಳೆದು, ಮೇಲೆ ತಿದ್ದಿ, ಪಕ್ಕದಲ್ಲಿ ಸಹಿ ಮಾಡಿ, ಎರಡನೆಯ ಸಾಲು ಓದತೊಡಗಿದರು. ಇನ್ನೂ ನಾಲ್ಕು ಪುಟಗಳಿದ್ದವು. ಅವಳ ಕೈ ಬೆನ್ನ ಹಿಂದೆಯೇ ಇತ್ತು.